ಅಕ್ಕೋರು ಗಂಗವ್ವನಿಗೆ ಕೊಡದ ಪೇಪರು

ನಮ್ಮ ಅಜ್ಜಿ ಗಂಗವ್ವನಿಗೆ ಮನಸ್ಸಿನಲ್ಲೇ ಓದಿಕೊಳ್ಳುವುದು ಗೊತ್ತಿರಲಿಲ್ಲ. ಬಸ್ಸಿನ ಬೋರ್ಡು, ಮದುವೆಯ ಕಾರ್ಡು, ಮಾತ್ರೆಯ ಚೀಟಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಬೇಕು. ಒಮ್ಮೆ ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಮೂಲವ್ಯಾಧಿ ಔಷಧದ ಜಾಹೀರಾತನ್ನು ಕೊನೆಯ ಸಾಲಿನವರೆಗೂ ಓದಿದಾಗ ನಾನು ಬೇರೆ ಯಾರದೋ ಮೊಮ್ಮಗಳಂತೆ ದೂರ ಹೋಗಿ ನಿಂತಿದ್ದೆ.

ಇದಕ್ಕೆಲ್ಲ ಕಾರಣ ನೀಲವ್ವ. ಇಂಗ್ರೇಜಿ ಸರ್ಕಾರವಿದ್ದಾಗ ಬ್ಯಾಡಗಿಯ ಒಂದು ಗುಡಿಯ ಪೌಳಿಯಲ್ಲಿ ಹೆಂಗಸರಿಗೂ ಹುಡುಗಿಯರಿಗೂ ಮಧ್ಯಾಹ್ನದ ವರ್ಗ ನಡೆಯುತ್ತಿತ್ತಂತೆ. ಓದು, ಹೊಲಿಗೆ, ಕೂಸಿಗೆ ನೀರು ಕಾಯಿಸಿ ಆರಿಸಿ ಕುಡಿಸುವುದು, ಎಲ್ಲವನ್ನೂ ಅಕ್ಕೋರು ಕಲಿಸುತ್ತಿದ್ದರು. ಆಗತಾನೆ ಮದುವೆಯಾಗಿದ್ದ ಅಜ್ಜಿಯೂ ಅದೇ ಓಣಿಯ ನೀಲವ್ವನೂ ಅಲ್ಲಿ ಒಟ್ಟಿಗೆ ಅಕ್ಷರ ಕಲಿತರು. ವರ್ಗ ಮುಗಿಯುವ ಮೊದಲು ಒಬ್ಬಳು ಎದ್ದು ನಿಂತು ಎಲ್ಲರಿಗೂ ಪೇಪರ್ ಓದಿ ಹೇಳಬೇಕು. ಆ ಪೇಪರ್ ದಿನವೂ ನೀಲವ್ವನ ಕೈಗೇ ಹೋಗುತ್ತಿತ್ತು.

"ಅಕಿ ನನಗಿಂತ ಚಲೋ ಓದತಿದ್ಲೇನು? ಅರ್ಧಾ ಅಕ್ಷರ ನುಂಗತಿದ್ಲು. ದನಿ ಒಂದು ದೊಡ್ಡದಿತ್ತು," ಎಂದು ಅಜ್ಜಿ ಹೇಳುವಾಗ ಬಡಿಯುತ್ತಿದ್ದ ರೊಟ್ಟಿಗೆ ಪೆಟ್ಟು ಜೋರಾಗಿ ಬೀಳುತ್ತಿತ್ತು.

ಒಂದು ದಿನ ಪೇಪರಿನಲ್ಲಿ ಯಾರೋ ಶಿವಪ್ಪನ ಸುದ್ದಿ ಬಂತು. ನೀಲವ್ವನ ಗಂಡನ ಹೆಸರೂ ಶಿವಪ್ಪ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ನೀಲವ್ವ ಗಕ್ಕನೆ ನಿಲ್ಲಿಸಿದಳು. ಅಕ್ಕೋರು ಪೇಪರನ್ನು ಪಕ್ಕದಲ್ಲಿದ್ದ ಅಜ್ಜಿಯ ಕೈಗೆ ಕೊಡಿಸಿದರು. ಅಜ್ಜಿ ಎದ್ದು, ಸೆರಗು ಸರಿಮಾಡಿಕೊಂಡು, "ಶಿವಪ್ಪ" ಎಂದು ಓದುವಷ್ಟರಲ್ಲಿ, "ಸಾಕು, ಇನ್ನ ಅಕಿಗೆ ಕೊಡವಾ," ಎಂದರು ಅಕ್ಕೋರು.

"ನನ್ನ ಪಾಲಿಗೆ ಬಂದಿದ್ದು ಅಕಿ ಗಂಡನ ಹೆಸರು ಅಷ್ಟ ನೋಡು," ಎನ್ನುತ್ತಿದ್ದಳು ಅಜ್ಜಿ. ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ. ಅಂದು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಮುಂದೆ ಗಂಡ ರಾಣೆಬೆನ್ನೂರಿನಲ್ಲಿ ಅಂಗಡಿ ಹಾಕಿದಾಗ ನೀಲವ್ವ ಅಲ್ಲಿಗೆ ಹೋದಳು. ಮುಪ್ಪಿನಲ್ಲಿ ಅವಳ ಕಣ್ಣು ಹೋದವು. ಸುದ್ದಿ ತಿಳಿದ ಮರುದಿನವೇ ಅಜ್ಜಿ ಪೇಪರ್ ಕೊಂಡು ಬಸ್ ಹತ್ತಿದಳು. ಆಮೇಲೆ ಪ್ರತಿ ರವಿವಾರವೂ ಅದೇ. ಜೊತೆಗೆ ಹೋಗುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು. ಹಾವೇರಿಯ ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ನಾನು ಪೇಪರ್ ಹಿಡಿದರೆ ಅಜ್ಜಿ ಕಸಿದುಕೊಳ್ಳುತ್ತಿದ್ದಳೇ ಹೊರತು ಒಂದು ದಿನವೂ ಕುಳಿತು ಕೇಳಿದವಳಲ್ಲ. ಆ ನೀಲವ್ವನಿಗೆ ಮಾತ್ರ ಮೆಣಸಿನಕಾಯಿ ದರದವರೆಗೆ ಒಂದೂ ಬಿಡದೆ ಓದುವುದು. ಓದಿ ಅವಳ ಮುಖವನ್ನೇ ನೋಡುವುದು. ಒಮ್ಮೆ ಚಲೋ ಓದಿದಿ ಎನ್ನಲಿ ಎಂದು ಕಾಯುತ್ತಿದ್ದಾಳೆಂಬುದು ನನಗೆ ಗೊತ್ತಿತ್ತು. ನೀಲವ್ವ "ಮುಂದ?" ಎನ್ನುತ್ತಿದ್ದಳು, ಅಷ್ಟೆ.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಕಾರ್ಯ ಮುಗಿದ ಮೇಲೆ ಒಂದು ರವಿವಾರ ನಾನೇ ಪೇಪರ್ ಹಿಡಿದು ರಾಣೆಬೆನ್ನೂರಿಗೆ ಹೋದೆ. ಎಲ್ಲೂ ಎಡವದೆ, ಅಜ್ಜಿಗಿಂತ ಚೆನ್ನಾಗಿಯೇ ಓದಿದೆ. ಅರ್ಧಕ್ಕೆ ನೀಲವ್ವ ತಡವರಿಸಿ ಪೇಪರಿನ ಮೇಲೆ ಕೈಯಿಟ್ಟಳು.

"ಸಾಕಿಡವಾ. ಗಂಗಿ ಓದಿದಂಗ ನಿನಗ ಬರಂಗಿಲ್ಲ. ಅಕ್ಕೋರು ಆವಾಗೂ ಪೇಪರ ಅಕಿಗೇ ಕೊಡಬೇಕಿತ್ತು. ನನಗ ದನಿ ಒಂದಿತ್ತು."

ತೀರಿಹೋದ ಅಜ್ಜಿಯ ಮೇಲೂ ಹೊಟ್ಟೆಕಿಚ್ಚಾಯಿತು. ಅದನ್ನು ನುಂಗಿಕೊಂಡು, "ಈ ಮಾತು ನಮ್ಮ ಅಜ್ಜಿ ಮುಂದ ಯಾಕ ಹೇಳಲಿಲ್ರಿ, ಆಯಿ?" ಎಂದೆ.

"ಹೇಳಿದ್ರ ಬರೋದು ಬಿಡತಿದ್ಲು," ಎಂದಳು ನೀಲವ್ವ.