ಒಣಹೊಳೆಯಲ್ಲಿ ತಪ್ಪಿದ ಎಣಿಕೆ

ಅವರ ಎಡ ಚಪ್ಪಲಿಯ ಹಿಮ್ಮಡಿ ಯಾವಾಗಲೂ ಮೊದಲು ಸವೆಯುತ್ತಿತ್ತು. ಎಡಗಾಲು ಊರಿದಾಗಲೆಲ್ಲ ಒಂದು ಎಣಿಕೆ. ಆ ಕಾಲನ್ನು ಒತ್ತಿ ಇಡುತ್ತಿದ್ದರು. ನಂಜನಗೂಡು ಸೀಮೆಯ ಹೊಲಗಳನ್ನು ಅಳೆದ ಸರ್ವೇಯರ್ ಅವರು. ನಾನು ಅವರ ಕೈಕೆಳಗೆ ಕೆಲಸ ಕಲಿತವನು. ಅಳತೆಯ ಸರಪಳಿ ಎಳೆಯುವ ಮೊದಲು ಹೊಲವನ್ನು ಒಮ್ಮೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದರು. ಆಮೇಲೆ ಸರಪಳಿ ಹೇಳುತ್ತಿದ್ದುದೂ ಅದೇ ಅಳತೆ. "ಕಣ್ಣು ಮೋಸ ಮಾಡ್ತದೆ, ಕಾಲು ಮಾಡಕ್ಕಿಲ್ಲ ಕಣೋ."

ಹೆಡತಲೆ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಬದುವಿಗಾಗಿ ಕುಡುಗೋಲು ಹಿಡಿದು ನಿಂತಾಗ, ಇವರು ನಡುವೆಯೇ ನಡೆದು ಹೋದರು. "ಸರೀರ್ಲಾ, ಎಣಿಕೆ ತಪ್ಪೋಯ್ತದೆ!" ಇಬ್ಬರೂ ಸರಿದರು. ಇದು ನಾನು ಕಂಡದ್ದೋ ಅವರಿಂದ ಕೇಳಿದ್ದೋ, ಈಗ ಹೇಳಲಾರೆ.

ಮರುಭೂಮಿಯಲ್ಲಿ ನಡೆದದ್ದು ಮಾತ್ರ ನಾನೇ ಕಂಡದ್ದು. ಅವರು ನಿವೃತ್ತರಾದ ಮೇಲೆ, ಬೋಟ್ಸ್ವಾನಾದಲ್ಲಿ ಟೀಚರ್ ಆಗಿರುವ ಮಗಳು ಕರೆಸಿಕೊಂಡಳು. ಅಷ್ಟು ದೂರ ಒಬ್ಬರೇ ಬೇಡವೆಂದು ಜೊತೆಗೆ ನಾನೂ ಹೋದೆ. ಅವಳು ನಮ್ಮನ್ನು ಕಲಹರಿಯ ವನ್ಯಧಾಮಕ್ಕೆ ಕರೆದೊಯ್ದಳು. ಅದು ಎರಡು ದೇಶಗಳದು. ನೀರಿಲ್ಲದ ಹೊಳೆಯೊಂದರ ಪಾತ್ರವೇ ಗಡಿ. ಬೇಲಿಯಿಲ್ಲ, ಅಲ್ಲೊಂದು ಇಲ್ಲೊಂದು ಕಲ್ಲು. ಈಟಿಯಂಥ ಕೊಂಬಿನ, ಹುಲ್ಲೆಯ ಜಾತಿಯ ಓರಿಕ್ಸ್‌ಗಳು ಆ ದೇಶದಲ್ಲಿ ಮೇದು ಈ ದೇಶದಲ್ಲಿ ಮಲಗುತ್ತಿದ್ದವು.

"ನಮ್ಮೂರಾಗಿದ್ರೆ ಇವಿಷ್ಟೂ ಬದು ದಾಟಿದ್ಕೆ ದೊಡ್ಡಿಗೆ ಓಗೋವು," ಎಂದು ನಕ್ಕರು.

ಸಿಂಹಗಳಿರುವುದರಿಂದ ಕಾರಿನಿಂದ ಇಳಿಯುವಂತಿರಲಿಲ್ಲ. ಊಟಕ್ಕೆಂದು ಇಳಿಯಲು ಬಿಡುವ ಒಂದೇ ಜಾಗದಲ್ಲಿ ನಾವು ಬುತ್ತಿ ಬಿಚ್ಚುವಷ್ಟರಲ್ಲಿ, ಅವರು ಹೊಳೆಯೊಳಗೆ ಗಡಿಕಲ್ಲಿನತ್ತ ನಡೆದುಬಿಟ್ಟಿದ್ದರು. ಅದೇ ಅಳೆದ ಹೆಜ್ಜೆ.

"ಅಪ್ಪಾ, ವಾಪಸ್ ಬನ್ನಿ! ಇದೇನು ನಿಮ್ಮ ತಾಲ್ಲೂಕಾ?" ಮಗಳು ಕೂಗಿದಳು. ನಾನು ಓಡಿದೆ.

ಅರ್ಧ ದಾರಿಯಲ್ಲಿ ನಿಂತಿದ್ದರು. ಕೂಗಿಗಲ್ಲ.

"ಎಷ್ಟಾಯ್ತೋ?"

"ನಾನು ಎಣಿಸ್ಲಿಲ್ಲ ಸಾ."

"ನಂಗೂ ಬಿಟ್ಟೋಯ್ತು ಕಣೋ." ತಮ್ಮ ಕಾಲುಗಳನ್ನೇ ನೋಡಿಕೊಂಡರು. "ಮಗಳ್ಗೆ ಏಳ್ಬೇಡ."

ಹೇಳಲಿಲ್ಲ. ಬಿಸಿಲಿನ ದಣಿವೆಂದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅಲ್ಲೇ ಗೊತ್ತಾಗಿತ್ತು. ಊರಿಗೆ ಬಂದ ಮೇಲೆ, ತಮ್ಮ ಮನೆಯಲ್ಲೇ ಬಚ್ಚಲು ಎಲ್ಲಿದೆಯೆಂದು ಅವರು ಕೇಳತೊಡಗಿದಾಗಲೇ ಮಗಳಿಗೆ ತಿಳಿದದ್ದು. "ಆವತ್ತೇ ಹೇಳಬಾರದಿತ್ತಾ, ಅಣ್ಣ?" ಎಂದು ಫೋನಿನಲ್ಲಿ ಅತ್ತಳು. 

ಆಮೇಲೆ ದಿನಾ ಸಂಜೆ ಅವರ ಕೈಹಿಡಿದು ಕಪಿಲೆಯ ದಂಡೆಯಲ್ಲಿ ನಡೆಸುತ್ತಿದ್ದೆ, ಗಟ್ಟಿಯಾಗಿ ಎಣಿಸುತ್ತ. ಅವರು ತೀರಿಕೊಳ್ಳುವ ಹಿಂದಿನ ವಾರ, ತಿದ್ದಲಿ ಎಂಬ ಆಸೆಗೆ, ಬೇಕೆಂದೇ ನಲವತ್ತರಿಂದ ಐವತ್ತಕ್ಕೆ ಹಾರಿದೆ.

ಅವರು ನನ್ನ ಕೈ ಒತ್ತಿದರು. "ಸರ್ಯಾಗೇ ಓಯ್ತಾ ಇದೀಯ," ಎಂದರು.