ರಬ್ಬರ್ ಹಾಲು ಹಚ್ಚಿದ ವೀಲ್ ಕ್ಯಾಪ್

ಮೊನ್ನೆ ಜುಮಾ ನಮಾಜು ಮುಗಿಸಿ ಬಂದು ವರ್ಕ್‌ಶಾಪಿನಲ್ಲಿ ಹೀಟ್ ಗನ್ ಹಿಡಿದು ಕೂತಿದ್ದೆ. ಬಂಟ್ವಾಳದ ಹುಡುಗನೊಬ್ಬ ಬಣ್ಣ ಹೊಡೆಯಲೆಂದು ನಾಲ್ಕು ಹಳೆಯ ಅಲಾಯ್ ವೀಲ್‌ಗಳನ್ನು ತಂದು ಇಳಿಸಿ ಹೋಗಿದ್ದ. ಅದರಲ್ಲೊಂದರ ನಡುವಿನ ಕ್ಯಾಪ್ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಬಿಸಿ ಏರುತ್ತಿದ್ದಂತೆ ಸಂದಿಯಿಂದ ಹುಳಿ ಹುಳಿಯಾದ ಒಂದು ವಾಸನೆ ಎದ್ದಿತು, ರಬ್ಬರ್ ಶೀಟಿಗೆ ಹೊಗೆ ಕೊಡುವ ಕೋಣೆಯ ವಾಸನೆ. ನನ್ನ ಕೈ ನಿಂತುಬಿಟ್ಟಿತು. ಕಾರಿನ ಚಕ್ರಕ್ಕೆ ರಬ್ಬರ್ ಹಾಲು ಹಚ್ಚುವವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರು? ನನಗೆ ಗೊತ್ತಿದ್ದದ್ದು ಒಬ್ಬರೇ... ನಮ್ಮ ಗಣಿತದ ಮಾಷ್ಟ್ರ ಹೆಂಡತಿ.

ಮಾಷ್ಟ್ರು ಶಿರ್ತಾಡಿಯವರು. ಮನೆಯ ಹಿಂದೆ ಸ್ವಲ್ಪ ರಬ್ಬರ್ ಇತ್ತು. ಊರಿಡೀ ತುಳು ಮಾತಾಡಿದರೂ ಅವರು ಶಿಷ್ಯರ ಹತ್ತಿರ ಮಾತ್ರ ಕನ್ನಡ ಬಿಟ್ಟವರಲ್ಲ. ನನಗೆ ಲೆಕ್ಕ ಹತ್ತುತ್ತಿರಲಿಲ್ಲ, ಅವರ ಕೈಯ ಬೆತ್ತ ಮಾತ್ರ ಚೆನ್ನಾಗಿ ಹತ್ತಿತ್ತು. ಆದರೆ ನಾನು ಗುರುವಾಯನಕೆರೆಯಲ್ಲಿ ಈ ವರ್ಕ್‌ಶಾಪ್ ತೆರೆದ ಮೇಲೆ ಅವರು ತಮ್ಮ ಕಾರನ್ನು ಬೇರೆ ಕಡೆ ಕೊಂಡುಹೋಗಲೇ ಇಲ್ಲ.

ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ ಒಮ್ಮೆ ನಾಲ್ಕೂ ಚಕ್ರಗಳಿಗೆ ಹೊಸ ಬಣ್ಣ ಬೇಕೆಂದು ಬಂದರು. ಅದಕ್ಕೆ ಸ್ವಲ್ಪ ಮುಂಚೆ ಅವರ ಹೆಂಡತಿ ತೀರಿಕೊಂಡಿದ್ದರು.

ಕ್ಯಾಪ್ ತೆಗೆಯದೆ ಚಕ್ರಕ್ಕೆ ಬಣ್ಣ ಹೊಡೆಯುವುದೆಂದರೆ ಟೊಪ್ಪಿ ತೆಗೆಯದೆ ತಲೆ ಬೋಳಿಸಿದ ಹಾಗೆ. ಮುಂದಿನಿಂದ ಸ್ಕ್ರೂಡ್ರೈವರ್ ತುರುಕಿದರೆ ಅಂಚು ಒಡೆಯುತ್ತದೆ. ಚಕ್ರ ಮಗುಚಿ, ಹಿಂದಿನ ತೂತಿನಿಂದ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಬೇಕು. ಮೂರು ಹಾಗೆಯೇ ಬಂದವು. ಮುಂದಿನ ಎಡಗಡೆಯದ್ದು ಬರಲಿಲ್ಲ. ಹಿಂದಿನ ತೂತಿನಿಂದ ಟಾರ್ಚ್ ಹಾಕಿ ನೋಡಿದರೆ ಅಂಚಿನಲ್ಲಿ ಒಣಗಿದ ರಬ್ಬರ್.

"ಯಾರು ಮಾಷ್ಟ್ರೇ ಇದಕ್ಕೆ ರಬ್ಬರ್ ಹಾಲು ಹಚ್ಚಿದ್ದು? ಒಳಗೆ ನೀರು ನಿಂತು ಅಲ್ಯೂಮಿನಿಯಂ ಪೂರಾ ಬೂಸ್ಟು ಹಿಡಿದ ಹಾಗೆ ಉಂಟು. ಭಾರೀ ಬುದ್ಧಿವಂತರು ಮಾರಾಯ್ರೇ!" ಎಂದು ನಕ್ಕೆ.

ಮಾಷ್ಟ್ರು ನಗಲಿಲ್ಲ. "ಅವಳು," ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಮಂಗಳೂರಿನ ಆಸ್ಪತ್ರೆಯಿಂದ ಇಬ್ಬರೂ ವಾಪಸು ಬರುವಾಗ ದಾರಿಯಲ್ಲಿ ಆ ಕ್ಯಾಪ್ ಕಳಚಿ ಚರಂಡಿಯ ಕಡೆಗೆ ಉರುಳಿತ್ತಂತೆ. ಹೋದರೆ ಹೋಗಲಿ ಎಂದರು ಇವರು. ನಿಲ್ಲಲೂ ತ್ರಾಣವಿಲ್ಲದ ಆಕೆ ಕಾರು ನಿಲ್ಲಿಸಲು ಹೇಳಿ ಇಳಿದು, ಹುಡುಕಿ ತಂದರಂತೆ. ಮನೆಗೆ ಬಂದವರೇ ಹಿಂದಿನ ರಬ್ಬರ್ ಮರಕ್ಕೆ ಕಟ್ಟಿದ್ದ ಚಿಪ್ಪಿನಿಂದ ಹಾಲು ತಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರಂತೆ.

"ಬ್ರಷ್ ತರ್ತೇನೆ ಅಂದೆ, ಕೇಳ್ಲಿಲ್ಲ. ಹೆಬ್ಬೆರಳಲ್ಲೇ ಹಚ್ಚಿ ಒತ್ತಿದಳು. ಇನ್ನು ನಾನು ಹೋದ್ರೂ ಇದು ಹೋಗುದಿಲ್ಲ ಅಂತ ತಮಾಷೆ ಬೇರೆ. ಅದರ ಮರುದಿನ ಮಲಗಿದವಳು ಏಳಲಿಲ್ಲ..." ಎಂದ ಮಾಷ್ಟ್ರು ಬಗ್ಗಿ ಆ ಕ್ಯಾಪ್ ನೋಡುತ್ತಾ ಕೇಳಿದರು, "ನೀನು ತೆಗೆದರೆ ಅದು ಹಾಗೇ ಬರ್ತದಾ?"

"ಕ್ಯಾಪ್ ಬರಬಹುದು ಮಾಷ್ಟ್ರೇ. ಒಳಗಿನ ರಬ್ಬರ್ ಹರಿದು ಹೋದರೆ ನಾನು ಏನು ಮಾಡಲಿ?"

"ಹಾಗಾದರೆ ಮುಟ್ಟಬೇಡ. ಅವಳು ಕೊನೆಗೆ ಮಾಡಿದ ಕೆಲಸ ಅದು. ಅಲ್ಲೇ ಇರಲಿ."

ಬೆತ್ತ ಹಿಡಿದು ನಮ್ಮನ್ನು ನಡುಗಿಸಿದ್ದ ಮನುಷ್ಯ ನನ್ನೆದುರು ಬೇಡುವವರ ಹಾಗೆ ನಿಂತಿದ್ದರು. ಕ್ಯಾಪಿನ ಮೇಲೆ ಟೇಪು ಅಂಟಿಸಿ ಸುತ್ತಲೂ ಬಣ್ಣ ಹೊಡೆದೆ. ನಮ್ಮ ಕಸುಬಿನಲ್ಲಿ ಇದು ಮಾಡಬಾರದ ಕೆಲಸ. ಪ್ರತಿ ಮಳೆಗಾಲ ಕಳೆದಾಗಲೂ ಅಲ್ಲಿ ಬಣ್ಣ ಏಳುತ್ತಿತ್ತು. ಮಾಷ್ಟ್ರು ಬರುತ್ತಿದ್ದರು, ನಾನು ಬ್ರಷ್‌ನಲ್ಲಿ ತೇಪೆ ಹಾಕುತ್ತಿದ್ದೆ. ಹೊರಡುವ ಮುನ್ನ ಅವರು ಸೊಂಟ ಹಿಡಿದುಕೊಂಡು ಬಗ್ಗಿ ಕ್ಯಾಪನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. "ಗಟ್ಟಿ ಉಂಟು," ಎನ್ನುತ್ತಿದ್ದರು. ಅಷ್ಟು ಹೇಳಿ ಕಾರು ಹತ್ತುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿದರೂ ಬರಲಿಲ್ಲ. ಮಾಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಶಿರ್ತಾಡಿಗೆ ಹೋದಾಗ ಕಾರು ಅಂಗಳದಲ್ಲೇ ಇತ್ತು. ಅವರ ಮಗಳ ಹತ್ತಿರ ಏನು ಮಾತಾಡಿದೆನೋ ಈಗ ನೆನಪಿಲ್ಲ...

ಮೊನ್ನೆ ಆ ವಾಸನೆ ಬಂದ ಕೂಡಲೇ ಬಂಟ್ವಾಳದ ಹುಡುಗನಿಗೆ ಫೋನ್ ಮಾಡಿದೆ.

"ಸೆಕೆಂಡ್ ಹ್ಯಾಂಡ್ ಕಾರು ಅಣ್ಣ, ಶಿರ್ತಾಡಿಯಲ್ಲಿ ತಕೊಂಡದ್ದು. ಯಾಕೆ, ಕ್ಯಾಪ್ ಬರುದಿಲ್ವಾ? ಒಡೆದು ಬಿಸಾಡಿ, ಹೊಸದು ಹಾಕುವ."

ಒಡೆಯಲು ನನ್ನಿಂದಾಗಲಿಲ್ಲ. ಬಿಸಿ ಕೊಟ್ಟೆ, ಬಿಟ್ಟೆ, ಮತ್ತೆ ಕೊಟ್ಟೆ. ಹಿಂದಿನಿಂದ ಮರದ ತುಂಡು ಇಟ್ಟು ತಟ್ಟುತ್ತಾ ಸಂಜೆಯ ಅಸರ್ ನಮಾಜಿನ ಹೊತ್ತಾಯಿತು. ಕೊನೆಗೆ ಟಪ್ ಎಂದು ಇಡಿಯಾಗಿ ಹೊರಬಂತು, ರಬ್ಬರಿನ ಸಮೇತ. ಮಗುಚಿ ಬಟ್ಟೆಯಲ್ಲಿ ಒರೆಸಿದೆ. ಅಂಚಿನ ಒಳಗೆ, ಹಾಲು ದಪ್ಪವಾಗಿ ನಿಂತು ಕಂದು ತಿರುಗಿದ್ದಲ್ಲಿ, ಒಂದು ಹೆಬ್ಬೆರಳಿನ ಗುರುತು ಇತ್ತು. ಗೆರೆ ಗೆರೆಯೂ ಕಾಣುತ್ತಿತ್ತು.

ಹರಿದು ಹೋದೀತೆಂದು ಹೆದರಿ ಮಾಷ್ಟ್ರು ಅಷ್ಟು ವರ್ಷ ಹೊರಗಿನಿಂದಲೇ ಒತ್ತಿ ಒತ್ತಿ ನೋಡಿದರಲ್ಲ... ಕೂತಲ್ಲೇ ಅತ್ತುಬಿಟ್ಟೆ.

ಹುಡುಗನ ಚಕ್ರಕ್ಕೆ ಹೊಸ ಕ್ಯಾಪ್ ಹಾಕಿ ಕಳಿಸಿದ್ದೇನೆ. ಹಳೆಯದು ನನ್ನ ಮೇಜಿನ ಮೇಲಿದೆ. ಅದನ್ನು ನೋಡಬೇಕಾಗಿದ್ದವರು ಇಲ್ಲ.