ಅತ್ತೆಯ ಹಿಂದೆ ನಡೆದ ಜಾಕಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಜಾಕಿ ಎಂದೇ ಕರೆಯುತ್ತಿದ್ದರು. ಪಂಕ್ಚರ್ ಆದ ವ್ಯಾನನ್ನು ಜಾಕಿ ಇಲ್ಲದೆ ಬರಿಗೈಯಲ್ಲಿ ಎತ್ತಿ ಹಿಡಿದಿದ್ದಳೆಂಬ ಕತೆ ಹಬ್ಬಿತ್ತು. ನಿಜಕ್ಕೂ ಎತ್ತಿದ್ದು ಒದ್ದೆ ಹೊದಿಕೆಗಳು ತುಂಬಿದ್ದ ಕೈಗಾಡಿಯನ್ನು, ಅದೇನೂ ಕಡಿಮೆಯಲ್ಲ. ನಲವತ್ತರ ಆಸುಪಾಸಿನ ಈ ಹೆಂಗಸು ಹನ್ನೆರಡು ವರ್ಷಗಳಿಂದ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆಲ್ಲುತ್ತಾ ಬಂದಿದ್ದಳು. ಗಂಡ ದರ್ಜಿ, ನೂಲಿನಂಥ ಮನುಷ್ಯ. ಪದಕಗಳಿಗೆ ಹೊಳಪು ಕೊಡುವ ಕೆಲಸ ಅತ್ತೆಯದು. ಮನೆಗೆ ಬಂದವರಿಗೆ ಕೂರಲು ಹೇಳುವ ಮೊದಲೇ ಅವರು ಪದಕ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ಜಿಮ್ಮಿನಲ್ಲಿ ನೂರೈವತ್ತು ಕಿಲೊ ಎತ್ತುತ್ತಿದ್ದಾಗ ಜಾಕಿಯ ಬೆನ್ನು ಟಕ್ಕೆಂದಿತು. ಕಬ್ಬಿಣದ ಬಾರ್ ನೆಲಕ್ಕೆ ಬಿತ್ತು, ಪಕ್ಕದಲ್ಲೇ ಅವಳೂ ಬಿದ್ದಳು. ಅಂಗಾತ ಮಲಗಿ ಫ್ಯಾನ್ ನೋಡುತ್ತಿದ್ದವಳಿಗೆ ಮೊದಲು ಹೊಳೆದದ್ದು ಇದು: ಅಬ್ಬಾ, ನಾಳೆ ಇಲ್ಲಿಗೆ ಬರುವ ಹಾಗಿಲ್ಲ!

ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಎರಡು ವರ್ಷಗಳಿಂದ ಜಿಮ್ಮಿನ ಬಾಗಿಲು ಕಂಡರೆ ಹಾಗೇ ವಾಪಸು ಹೋಗೋಣವೆನಿಸುತ್ತಿತ್ತು. ಊಟ ತಕ್ಕಡಿಗೆ, ನಿದ್ದೆ ಗಡಿಯಾರಕ್ಕೆ ಒಪ್ಪಿಸಿಯಾಗಿತ್ತು. ಗೆದ್ದರೆ ಖುಷಿಯಾಗುವುದೂ ನಿಂತಿತ್ತು. ಅತ್ತೆಯೋ ಮುಂದಿನ ಪದಕಕ್ಕೆಂದು ಗೋಡೆಗೆ ಮೊಳೆ ಹೊಡೆಸಿ ಕಾಯುತ್ತಿದ್ದರು. ಹಾಗಿರುವಾಗ ಬೆನ್ನು ಕೆಟ್ಟಿತೆಂದು ಸಮಾಧಾನಪಡುವುದು ಮಹಾಪರಾಧವೆಂದೇ ಅವಳಿಗೆ ತೋರಿತು. ಬೆನ್ನು ಹೇಗೋ ಸರಿಹೋದೀತು, ಎತ್ತಬೇಕೆಂಬ ಆಸೆ ಮತ್ತೆ ಹುಟ್ಟದೇ ಹೋದರೆ? ಆ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಚಿಕಿತ್ಸೆಗೆ ಸಿಕ್ಕ ಫಿಸಿಯೊ ನಲವತ್ತೈದು ಕಿಲೊ ತೂಗದ ಹುಡುಗಿ. ಒಂದು ರಬ್ಬರ್ ಪಟ್ಟಿ ಕೊಟ್ಟು, ಅದನ್ನು ಎಳೆಯುವ ಬಗೆ ತೋರಿಸಿ, "ಹತ್ತು ಸಲ, ದಿನಕ್ಕೆ ಎರಡು ಹೊತ್ತು, ಅಷ್ಟೇ" ಎಂದಳು. ಭಾರ ಎತ್ತುವವರ ಕಿವಿಗೆ ಹತ್ತು ಎಂಬುದು ಬೈಗುಳದಂತೆ ಕೇಳಿಸುತ್ತದೆ. ಹತ್ತರಿಂದ ಗುಣವಾಗುವುದು ನೂರರಿಂದ ಇನ್ನೂ ಬೇಗ ಆಗಬೇಕಲ್ಲ ಎಂದು ಜಾಕಿ ಲೆಕ್ಕ ಹಾಕಿದಳು. ಖುಷಿಪಟ್ಟ ತಪ್ಪಿಗೆ ದಂಡ ಕಟ್ಟಿದ ಹಾಗೂ ಆಯಿತು. ಲಾಂಡ್ರಿಯಲ್ಲಿ ಅವಳನ್ನು ಬಟ್ಟೆ ಮಡಿಸುವ ಕೆಲಸಕ್ಕೆ ಕೂರಿಸಿದ್ದರು. ಮಡಿಸುವ ಮಧ್ಯೆ ಎಳೆದಳು, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಎಳೆದಳು. ಮೂರು ತಿಂಗಳಾದರೂ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗಲಿಲ್ಲ.

ಫಿಸಿಯೊ ತಲೆ ಕೆರೆದುಕೊಂಡಳು. "ಇಷ್ಟೊತ್ತಿಗೆ ವಾಸಿ ಆಗ್ಬೇಕಿತ್ತಲ್ಲ ಅಕ್ಕಾ. ಹತ್ತೇ ತಾನೆ ಮಾಡ್ತಿರೋದು?"

"ಹತ್ತೇ."

ಜೊತೆಗೆ ಬಂದಿದ್ದ ಗಂಡ ಕೆಮ್ಮಿದ. "ಮೇಡಂ, ಇದು ನಾಲ್ಕನೇ ಪಟ್ಟಿ. ಕಿತ್ತುಹೋದ ಮೂರನ್ನ ನಾನು ಗಿರಾಕಿಗಳ ಪ್ಯಾಂಟಿನ ಸೊಂಟಕ್ಕೆ ಹೊಲಿದುಬಿಟ್ಟೆ."

"ರೀ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಎಷ್ಟು ಮಾಡ್ತೀರಿ, ನಿಜ ಹೇಳಿ," ಎಂದಳು ಫಿಸಿಯೊ.

"ನೂರು," ಎಂದಳು ಜಾಕಿ. ಗಂಡನತ್ತ ಕೆಕ್ಕರಿಸಿ ನೋಡಿ ಸೇರಿಸಿದಳು, "ಭಾನುವಾರ ಇನ್ನೂರು."

"ಅಯ್ಯೋ ದೇವರೇ! ನಾನು ಚಮಚದಲ್ಲಿ ಔಷಧ ಕೊಟ್ರೆ ನೀವು ಬಾಟ್ಲಿ ಸಮೇತ ನುಂಗ್ತಿದೀರ!"

ಹುಡುಗಿ ಪಟ್ಟಿಯನ್ನು ಕಿತ್ತುಕೊಂಡು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದಳು. "ಇನ್ನೊಂದು ತಿಂಗಳು ಬರೀ ನಡಿಗೆ. ನಿಮ್ಮನೇಲಿ ಎಲ್ಲರಿಗಿಂತ ನಿಧಾನ ನಡೆಯೋರು ಯಾರು?"

"ನಮ್ಮತ್ತೆ. ಮಂಡಿನೋವು."

"ಅವರ ಹಿಂದೆ ನಡೀರಿ. ಮುಂದೆ ಹೋಗೋ ಹಾಗಿಲ್ಲ, ಹೆಜ್ಜೆ ಎಣಿಸೋ ಹಾಗಿಲ್ಲ."

ಮೊದಲ ವಾರ ಜಾಕಿಗೆ ಜೀವ ಹೋಗಿ ಜೀವ ಬಂತು. ಬೀದಿಯ ಆ ತುದಿ ಮುಟ್ಟಲು ಮುಕ್ಕಾಲು ಗಂಟೆ. ಅತ್ತೆ ಪ್ರತಿಯೊಂದು ಗೇಟಿನ ಮುಂದೆಯೂ ನಿಲ್ಲುತ್ತಿದ್ದರು.

"ಅತ್ತೆ, ಈ ಗೇಟಿಗೆ ಬಣ್ಣ ಹೊಡೆದಿರೋದನ್ನ ನಿನ್ನೆನೇ ನೋಡಿದ್ವಲ್ಲ."

"ನಿನ್ನೆ ಹಸಿ ಇತ್ತು. ಒಣಗಿದೆಯೋ ಇಲ್ವೋ ನೋಡ್ಬೇಡ್ವಾ?" ಎಂದು ಅತ್ತೆ ಬೆರಳಿಟ್ಟು ನೋಡಿದರು. ಒಣಗಿರಲಿಲ್ಲ.

ಎರಡನೆಯ ವಾರ ಜಾಕಿ ಮಧ್ಯಾಹ್ನ ಕುರ್ಚಿಯಲ್ಲೇ ಗೊರಕೆ ಹೊಡೆದಳು. ಹಸಿವಾದಾಗ ಉಂಡಳು, ತಕ್ಕಡಿಯನ್ನು ಗಂಡ ಗುಂಡಿಗಳನ್ನು ತೂಗಲು ಅಂಗಡಿಗೆ ಒಯ್ದ. ಮೂರನೆಯ ವಾರ, ಚಪ್ಪಲಿ ಹೊಲಿಯುವವನ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಅತ್ತೆ ಮಂಡಿ ನೀವಿಕೊಳ್ಳುತ್ತಿದ್ದಾಗ, ಅವಳು ಬಾಯಿ ಬಿಟ್ಟಳು.

"ಅತ್ತೆ, ಬೈಬೇಡಿ. ಬೆನ್ನು ಹಿಡಿದ ದಿನ ನಂಗೆ ಖುಷಿಯಾಯ್ತು."

"ಎಷ್ಟು ಖುಷಿ?"

"ತುಂಬಾ. ಎರಡು ವರ್ಷದಿಂದ ಸಾಕಾಗಿಹೋಗಿತ್ತು. ನಿಮಗೆ ಪದಕ ಅಂದ್ರೆ ಪ್ರಾಣ ಅಂತ ಎಳೀತಾ ಇದ್ದೆ."

ಅತ್ತೆ ನೀವುವುದನ್ನು ನಿಲ್ಲಿಸಿದರು. "ನನಗಾ? ಅದನ್ನ ಉಜ್ಜಿ ಉಜ್ಜಿ ನನ್ನ ಬೆರಳು ಸವೆದುಹೋಗಿದೆ ಕಣೇ. ಉಜ್ಜದೆ ಇದ್ರೆ ಸೊಸೆ ನೊಂದ್ಕೋತಾಳೆ ಅಂತ ಉಜ್ತಿದ್ದೆ."

"ಮತ್ತೆ ಆ ಮೊಳೆ?"

"ಅದೂ ನಿನಗೋಸ್ಕರವೇ." ಅತ್ತೆ ಯೋಚಿಸಿ, ಸತ್ಯಕ್ಕೆ ಚ್ಯುತಿ ಬರಬಾರದೆಂದು ಸೇರಿಸಿದರು: "ಬಂದೋರಿಗೆ ತೋರಿಸ್ತಿದ್ದದ್ದು ಮಾತ್ರ ನನಗೋಸ್ಕರ."

ಇಬ್ಬರೂ ನಕ್ಕ ರಭಸಕ್ಕೆ ಚಪ್ಪಲಿಯವನು ಸೂಜಿ ಕೆಳಗಿಟ್ಟು ನೋಡಿದ. ಜಾಕಿಯ ಬೆನ್ನು ಚುಳ್ಳೆಂದಿತು, ಅವಳು ಲೆಕ್ಕಿಸಲಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಬೆನ್ನು ನೆಟ್ಟಗಾಗಿತ್ತು. ಇನ್ನು ಸಣ್ಣ ಭಾರ ಎತ್ತಬಹುದೆಂದು ಫಿಸಿಯೊ ಹೇಳಿದಳು. ಜಾಕಿ ಎತ್ತಲಿಲ್ಲ. ಕೋಚ್ ಎರಡು ಸಲ ಫೋನ್ ಮಾಡಿದರು. "ನೋಡೋಣ ಸಾರ್" ಎಂದಳು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಇನ್ನು ಆ ಆಸೆ ಸತ್ತಿತೆಂದೇ ಅವಳು ಲೆಕ್ಕಕ್ಕೆ ತೆಗೆದುಕೊಂಡಳು. ಅದಕ್ಕೆ ತಾನು ಅಂದುಕೊಂಡಷ್ಟು ದುಃಖವೂ ಆಗಲಿಲ್ಲ.

ಹೀಗೆ ಎರಡು ವಾರ ಕಳೆದ ಮೇಲೆ ಒಂದು ದಿನ ಲಾಂಡ್ರಿಯಲ್ಲಿ ಮಡಿಸಿದ ದಿಂಬಿನ ಚೀಲಗಳ ಬುಟ್ಟಿಯನ್ನು ಪಕ್ಕಕ್ಕಿಡಲು ಹೋದಳು. ಮಗು ಕೂಡ ಎತ್ತಬಹುದಾದ ಬುಟ್ಟಿ. ನೋಡಿಕೊಂಡರೆ ಪಾದಗಳು ತಾವಾಗಿಯೇ ಅಳತೆಗೆ ಸರಿಯಾಗಿ ಊರಿದ್ದವು, ಬೆನ್ನು ಹಲಗೆಯಂತಿತ್ತು, ಎದೆ ತುಂಬ ಉಸಿರಿತ್ತು. ಅಂಗೈ ಕಡಿಯುತ್ತಿತ್ತು. ಇದೇನು ಹುಚ್ಚು ಎಂದು ನಕ್ಕು ಬುಟ್ಟಿ ಎತ್ತಿಟ್ಟಳು.

ಮರುದಿನ ಬೆಳಿಗ್ಗೆ ಜಿಮ್ಮಿನ ಬಾಗಿಲು ತೆಗೆಯುವ ಮೊದಲೇ ಅವಳು ಹೊರಗೆ ನಿಂತಿದ್ದಳು. ಕೋಚ್ ಸಡಗರದಿಂದ ಬಾರಿಗೆ ಸಿಕ್ಕಿಸುವ ಭಾರದ ದೊಡ್ಡ ಪ್ಲೇಟುಗಳನ್ನು ಉರುಳಿಸಿಕೊಂಡು ಬಂದರು.

"ಅದನ್ನ ಅಲ್ಲೇ ಇಡಿ ಸಾರ್. ಬರೀ ಬಾರ್ ಸಾಕು."

"ಬರೀ ಬಾರಾ? ಮುಂದಿನ ತಿಂಗಳ ಸ್ಪರ್ಧೆಗೆ ಹೆಸರು ಬರೆಸ್ಲಾ?"

"ಬೇಡ. ಸುಮ್ನೆ ಎತ್ಬೇಕು ಅನ್ಸಿದೆ, ಎತ್ತಿ ಹೋಗ್ತೀನಿ."

ಕೈ ಜಾರದಂತೆ ಸೀಮೆಸುಣ್ಣದ ಪುಡಿ ಬಳಿದುಕೊಂಡಳು. ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಬೆವರುವ ಮುಂಚೆಯೇ ನಿಲ್ಲಿಸಿ, ಗುನುಗುತ್ತಾ ಕೆಲಸಕ್ಕೆ ಓಡಿದಳು. ಕೈ ತೊಳೆಯುವುದು ಮರೆತೇಹೋಯಿತು.

ಆ ದಿನ ಒಗೆದು ಮಡಿಸಿಟ್ಟ ನೀಲಿ ಹೊದಿಕೆಗಳ ಮೇಲೆಲ್ಲ ಬಿಳಿ ಕೈಗುರುತು. ಇದು ಯಾರ ಕೆಲಸವೆಂದು ಮೇಲ್ವಿಚಾರಕ ಗುಡುಗಿದ. ಜಾಕಿ ಕೈ ಎತ್ತಿದಳು.